ಸುಂದ್ರವ್ವನ ಕೊಯ್ತಾದ ಹಿಡಿಕೆ

ಹುಕ್ಕೇರಿ ಸಂತೆಯಲ್ಲಿ ಮಾಲಿಂಗಪ್ಪನಿಗೆ ಅಂಗಡಿ ಅಂತೇನೂ ಇಲ್ಲ. ಒಂದು ಗೋಣಿತಟ್ಟು, ಇದ್ದಿಲ ಒಲೆ, ಉಜ್ಜುವ ಕಾನಸು, ಒಂದಿಷ್ಟು ಜಾಲಿ ಕಟ್ಟಿಗೆ, ಮುಗಿಯಿತು ಸಂಸಾರ. ಕಮ್ಮಾರ ಬಡಿದುಕೊಟ್ಟ ಬೋಳು ಅಲಗಿಗೆ ಹಿಡಿಕೆ ಕೂರಿಸುವುದು ಅವನ ಕೆಲಸ. ಕುರಿಗಾರರ ಚೂರಿ, ಕುಡಗೋಲು, ಕಬ್ಬು ಕಡಿಯುವ ಕೊಯ್ತಾ, ಯಾವುದೇ ಬರಲಿ, ಮೊದಲು ಕೈ ನೋಡುತ್ತಾನೆ, ಆಮೇಲೆ ಅಲಗು. ಅವಸರ ಮಾಡಿದವರ ಮೇಲೆ ಉರಿದು ಬೀಳುತ್ತಾನೆ. "ನಿಮ್ಮ ನಾಲಿಗಿಗೂ ಒಂದ ಹಿಡಿಕಿ ಹಾಕ್ಕೊಳ್ರಿ" ಎಂದು ಹೆಂಡತಿ ಸತ್ತೆವ್ವ ಬೈದು ಬೈದು ಸಾಕಾಗಿ ಸುಮ್ಮನಾಗಿದ್ದಾಳೆ.

ಹೋದ ವರ್ಷ ದಸರೆಯ ಮುಂದೆ ಧುಪದಾಳದಿಂದ ಸುಂದ್ರವ್ವ ಎಂಬಾಕೆ ಬಂದಳು. ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದು ಮಾಲಿಂಗಪ್ಪನ ಮುಂದೆ ಚಾಚಿದಳು. ಕಿರುಬೆರಳೂ ಉಂಗುರ ಬೆರಳೂ ಬುಡಸಮೇತ ಇರಲಿಲ್ಲ. ಮೂಡಲಗಿ ಕಡೆ ಬೆಲ್ಲದ ಗಾಣಕ್ಕೆ ಕಬ್ಬು ಕೊಡುವಾಗ ಸಿಕ್ಕಿ ಹೋಗಿದ್ದವು.

"ಕೊಯ್ತಾ ಕೈಯಾಗ ನಿಲ್ಲವಲ್ತು ಕಾಕಾ. ಬೀಸಿದ ಕೂಡ್ಲೇ ಹಾರಿ ಹೋಗತೈತಿ."

"ಎಡಗೈಲೆ ಕಡೀಬೇಕಲ್ಲವಾ?"

"ಎಲ್ಲಾರೂ ಬಲಗೈಲೆ ಬೀಸ್ತಾರ್ರಿ. ನಾ ಒಬ್ಬಾಕಿ ಎಡಗೈಲೆ ಬೀಸಿದ್ರ ಬಾಜೂದಾಕಿ ಕಾಲು ಉಳಿಯಂಗಿಲ್ಲ."

ಕಬ್ಬಿನ ಗ್ಯಾಂಗಿನ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅವಳಿದ್ದ ಗ್ಯಾಂಗಿನಲ್ಲಿ ಒಂಟಿ ಆಳಿಗೆ ಜಾಗವಿಲ್ಲ. ಗಂಡ-ಹೆಂಡತಿ ಸೇರಿ ಒಂದು ಜೋಡಿ. ಹೆಂಡತಿಯ ಕೈ ಬಿದ್ದರೆ ಗಂಡನ ಕೂಲಿಯೂ ಬಿತ್ತು. "ಈಕಿ ಕೈಲೆ ಆಗದಿದ್ರ ಆಗಾಕಿನ್ನ ಕರ್ಕೊಂಡ ಬಾ" ಎಂದು ಗ್ಯಾಂಗಿಗೆ ಆಳು ಕೂಡಿಸುವ ಮುಕ್ಕದ್ದಮ ಅವಳ ಗಂಡ ಶಿವಪುತ್ರನಿಗೆ ಹೇಳಿದ್ದನಂತೆ. ಅವನ ಬಾಯಿಗೆ ಮಣ್ಣು ಬೀಳಲಿ, ಎತ್ತು ಬದಲಿಸುವಷ್ಟು ಸಲೀಸಾಗಿ ಆಡಿದ ಮಾತು. ಶಿವಪುತ್ರ ತುಟಿ ಪಿಟಕ್ಕೆನ್ನಲಿಲ್ಲ. ಸುಂದ್ರವ್ವನಿಗೆ ಆ ಸುಮ್ಮನಿರುವಿಕೆಯೇ ಭಯ ಹುಟ್ಟಿಸಿತ್ತು.

ಮಾಲಿಂಗಪ್ಪ ಉಳಿದ ಮೂರು ಬೆರಳಿಗೆ ದಾರ ಸುತ್ತಿ ಅಳೆದ. ಹಿಡಿಕೆಯನ್ನು ಮುಂದೆ ತೆಳ್ಳಗೆ, ಹಿಂದೆ ಅಂಗೈಗೆ ತುಂಬುವಂತೆ ದಪ್ಪಗೆ ಕೆತ್ತಿದ. ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಕಟ್ಟಿಗೆಯೊಳಗೆ ಇಳಿಸಿದ. ಬೆರಳು ಜಾರದಂತೆ ಬುಡಕ್ಕೆ ಹಿತ್ತಾಳೆಯ ತಡೆ ಕೂರಿಸಿ, ಅದನ್ನು ಬೆರಳುಗಳ ಮೇಲಿಂದ ಬರುವಂತೆ ಬಾಗಿಸಿ ಹಿಡಿಕೆಯ ಹಿಂತುದಿಗೆ ರಿವಿಟ್ ಹೊಡೆದ. ಇನ್ನು ಹಿಡಿತ ಸಡಿಲಾದರೂ ಕೊಯ್ತಾ ಹಾರುವಂತಿರಲಿಲ್ಲ. ಪಕ್ಕದ ರಸದ ಅಂಗಡಿಯಿಂದ ಒಂದು ಕಬ್ಬು ತಂದು ನಿಲ್ಲಿಸಿ ಹಿಡಿದ. ಸುಂದ್ರವ್ವ ಬೀಸಿದಳು. ಕಬ್ಬು ಒಂದೇ ಏಟಿಗೆ ತುಂಡಾಯಿತು. ಆಕೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತಳು. ಮಾಲಿಂಗಪ್ಪನಿಗೂ ಅವತ್ತು ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು, ಯಾರ ಮೇಲೂ ಸಿಡುಕಲಿಲ್ಲ.

ದೀಪಾವಳಿ ಮುಗಿದ ಮೇಲೆ ಆಕೆ ಮತ್ತೆ ಬಂದಳು, ಅದೇ ಕೊಯ್ತಾ ಹಿಡಿದು.

"ತಡಿ ಸಡಿಲಾತೇನವಾ?"

"ಇಲ್ರಿ, ಭಾಳ ಛಲೋ ಐತಿ. ಇದನ್ನ ತಗದು ಸಾದಾ ಹಿಡಿಕಿ ಹಾಕಿಕೊಡ್ರಿ."

ಮಾಲಿಂಗಪ್ಪನಿಗೆ ಅರ್ಥವಾಗಲಿಲ್ಲ. ಆಕೆ ನೆಲ ನೋಡುತ್ತ ಹೇಳಿದಳು. "ಮುಕ್ಕದ್ದಮ ನಾ ಕಡಿಯೂದು ನೋಡಿದ. ನೋಡಿನೂ ಊನ ಎತ್ತು ನಾ ಹೂಡಂಗಿಲ್ಲ ಅಂದ. ನಮ್ಮನಿಯವರು ಮಾಯಾ ಅನ್ನಾಕೀನ್ನ ಲಗ್ನ ಮಾಡ್ಕೊಂಡ ಬಂದಾರ್ರಿ. ಅಲಗು ಚೊಕ್ಕ ಐತಿ, ಆಕಿಗೆ ಇದನ್ನ ಮಾಡಿಸ್ಕೊಂಡ ಬಾ ಅಂದಾರ."

"ನಾ ಮುಟ್ಟಂಗಿಲ್ಲ. ಆ ಗಂಡಸನ್ನ ಕಳಸು, ಅವನ ಮಾರಿ ನೋಡತೇನಿ."

"ಮಾಡಿಸ್ಕೊಂಡ ಹೋದ್ರ ಗ್ಯಾಂಗಿಗೆ ರೊಟ್ಟಿ ಬಡಕೊಂಡ ಇರು ಅಂದಾರ ಕಾಕಾ. ಇಲ್ಲಂದ್ರ ಮನಿಗೆ ಬರಬ್ಯಾಡ ಅಂದಾರ."

ಮಾಲಿಂಗಪ್ಪ ಕೊಯ್ತಾ ಇಸಿದುಕೊಂಡು ತೊಡೆಯ ಮೇಲೆ ಅಡ್ಡ ಹಿಡಿದ. ಆಮೇಲೆ ಉಳಿ ಇಟ್ಟು ರಿವಿಟ್ ಕಿತ್ತ. ಹಿತ್ತಾಳೆ ಕಳಚಿ ಗೋಣಿಯ ಮೇಲೆ ಬಿತ್ತು.

"ಆಕಿ ಕೈ ಅಳತಿ ಬೇಕಲ್ಲವಾ" ಎಂದ.

"ಆಕೀದೂ ನಂದೂ ಒಂದ ಅಳತಿರಿ. ನನ್ನ ಕೈಬಳಿ ಆಕಿ ಕೈಗೆ ಬರೋಬ್ಬರಿ ಕುಂತಾವು."

ಸುಂದ್ರವ್ವ ಬಲಗೈಯನ್ನು ಸೆರಗಿನೊಳಗೆ ಸೇರಿಸಿ, ಬಳೆಯಿಲ್ಲದ ಎಡಗೈ ಚಾಚಿದಳು. ಮಾಲಿಂಗಪ್ಪ ಅದರ ಐದೂ ಬೆರಳು ಮಡಿಸಿ, ದಾರ ಸುತ್ತಿ ಅಳತೆ ತೆಗೆದುಕೊಂಡ.