ನಾಯಿ ಒಳಗೆ ಹೋದ ಮೇಲೆ

ಮಳೆಗಾಲಕ್ಕೆ ಮುಂಚೆ ಕುದ್ರೋಳಿಯ ನಮ್ಮ ಮನೆಯ ಹಂಚಿನ ಮಾಡು ಬಿಚ್ಚಿಸಿದೆವು. ಮೇಲೆ ಹತ್ತಿದ್ದ ಕೆಲಸದವನು ಹಂಚುಗಳನ್ನು ಒಂದೊಂದಾಗಿ ಇಳಿಸಿ ಕೊಡುತ್ತಿದ್ದ, ನಾನು ಎಣಿಸಿ ಜೋಡಿಸುತ್ತಿದ್ದೆ. ನಾನೂರ ಹನ್ನೆರಡನೆಯ ಹಂಚು ಕೈಗೆ ಬಂದಾಗ ಎಣಿಕೆ ನಿಂತಿತು. ಅದರ ನಡುವೆ ಒಂದು ನಾಯಿಯ ಹೆಜ್ಜೆ. ಹಸಿ ಮಣ್ಣಿನಲ್ಲಿ ಒತ್ತಿದ ನಾಲ್ಕು ಬೆರಳು, ಒಂದು ಅಂಗಾಲು ಬೆಂಕಿಯಲ್ಲಿ ಬೆಂದು ಕಲ್ಲಾಗಿದ್ದವು.

“ಇದು ಬಿಸಾಡುವುದಾ ಟೀಚರೇ?” ಎಂದು ಅವನು ಕೇಳಿದ. ನಾನು ಹೆಜ್ಜೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ...

ಟೀಚರಾಗುವ ಮುಂಚೆ, ಹತ್ತು ವರ್ಷದ ಹಿಂದೆ, ನಾನು ನದಿ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದೆ. ಎಂಟನೆಯ ಕ್ಲಾಸು ಓದಿದ್ದೆನೆಂದು ಭಟ್ಟಿಯ ರಿಜಿಸ್ಟರ್ ನನ್ನ ಕೈಗೆ ಬಂತು. ಯಾವ ದಿನ ಬೆಂಕಿ ಹಾಕಿದರು, ಯಾವ ದಿನ ಆರಿಸಿದರು, ಯಾವ ದಿನ ಬಾಗಿಲು ತೆರೆದರು ಎಂದು ಅದರಲ್ಲಿ ಬರೆಯಬೇಕು. ಬರೆದು ಮುಗಿದ ಮೇಲೆ ಉಳಿದ ಹೆಂಗಸರ ಜೊತೆ ಹಂಚು ಹೊರಬೇಕು.

ಅಲ್ಲಿ ಹಂಚು ಆರಿಸುವ ಅಕ್ಕ ಒಬ್ಬರಿದ್ದರು. ಬೆಂದು ಬಂದ ಪ್ರತಿಯೊಂದು ಹಂಚನ್ನೂ ಬೆರಳ ಗೆಣ್ಣಿನಿಂದ ಬಡಿದು ಕೇಳುವುದು ಅವರ ಕೆಲಸ. ಖಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಬಿರುಕು. ಅವರ ಹಿಂದೆ ಒಂದು ಕಂದು ನಾಯಿ ಇರುತ್ತಿತ್ತು. ಯಾರೂ ಅದನ್ನು ಸಾಕಿದ್ದಲ್ಲ. ಅಕ್ಕನ ಗಂಜಿಯಲ್ಲಿ ಅದಕ್ಕೊಂದು ಪಾಲು ಇತ್ತು, ತೆಂಗಿನ ಗೆರಟೆಯಲ್ಲಿ.

ಗಂಜಿಯ ಹೊತ್ತಿಗೆ ಮೇಸ್ತ್ರಿ ಕೂಗಿದರೆ ನಾವೆಲ್ಲ ಅರ್ಧದಲ್ಲೇ ಕೈ ತೊಳೆದು ಏಳುತ್ತಿದ್ದೆವು. ಅಕ್ಕ ಏಳುತ್ತಿರಲಿಲ್ಲ.

“ಗೆರಟೆಗೆ ಬಾಯಿ ಹಾಕಿದ ನಾಯಿಯನ್ನು ಒಮ್ಮೆ ಹೀಗೆ ಕರ್ದು ನೋಡಿ ಮೇಸ್ತ್ರಿಯವ್ರೇ. ಎಂತ ಮಾಡ್ತದೆ ಅಂತ ನಿಮಗೇ ಗೊತ್ತಾಗ್ತದೆ” ಎನ್ನುತ್ತಿದ್ದರು.

ಮೇಸ್ತ್ರಿಯ ಬೈಗುಳ ಕೇಳಿ ನಾನು ಮೂಲೆಯಲ್ಲಿ ಅಳುತ್ತಿದ್ದ ದಿನಗಳೂ ಇದ್ದವು. ಮೊದಲ ತಿಂಗಳಲ್ಲೇ ಒಂಬತ್ತು ಸಲ. ಡೈರಿಯಲ್ಲಿ ಗೆರೆ ಎಳೆದಿದ್ದೇನೆ. ಹತ್ತನೆಯ ಸಲ ಅಕ್ಕ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ನಾಯಿಯ ಮೇಲೆ ಒಂದು ಕೊಡ ನೀರು ಸುರಿದರು. ಅದು ಮೂತಿಯಿಂದ ಬಾಲದವರೆಗೆ ಕೊಡವಿ ತನ್ನ ಪಾಡಿಗೆ ನಡೆಯಿತು.

“ಕಂಡೆಯಾ? ನೀನು ಆ ನೀರನ್ನು ಹೊತ್ತುಕೊಂಡು ಮನೆಗೆ ಹೋಗ್ತಿ” ಎಂದರು.

ಆ ನಾಯಿಗೆ ಇನ್ನೊಂದು ಅಭ್ಯಾಸವಿತ್ತು. ಭಟ್ಟಿಯೊಳಗಿನ ಬೂದಿಯಲ್ಲಿ ಹೊರಳಿದರೆ ಚಿಗಟದ ಕಾಟ ಕಡಿಮೆಯಾಗುತ್ತದೆ, ಅದು ಅದಕ್ಕೆ ಗೊತ್ತಿತ್ತು. ಬಾಗಿಲು ತೆರೆದ ಕೂಡಲೇ ಹೋಗಿ ಹೊಸ್ತಿಲ ಮೇಲೆ ಒಂದು ಕಾಲು ಇಟ್ಟು ನೋಡುತ್ತಿತ್ತು. ಬಿಸಿ ತಡೆಯುವಂತಿದ್ದರೆ ಒಳಗೆ, ಇಲ್ಲದಿದ್ದರೆ ವಾಪಸು. ಅದು ಒಳಗೆ ಹೋದ ಮೇಲೆಯೇ ಅಕ್ಕ ಒಳಗೆ ಹೋಗುತ್ತಿದ್ದರು. ನಾನು ಅದನ್ನೂ ಡೈರಿಯ ಹಿಂದಿನ ಪುಟದಲ್ಲಿ ಬರೆದಿಡತೊಡಗಿದೆ. ಹತ್ತೊಂಬತ್ತು ಭಟ್ಟಿ ಬಿಚ್ಚಿದೆವು. ಹದಿನೇಳು ಸಲ ನಾಯಿ ಮುಂದೆ, ನಾವು ಹಿಂದೆ. ಯಾರಿಗೂ ಏನೂ ಆಗಲಿಲ್ಲ. ಎರಡು ಸಲ ಮೇಸ್ತ್ರಿ ಅವಸರ ಮಾಡಿ ಮೊದಲು ನಮ್ಮನ್ನು ನುಗ್ಗಿಸಿದರು. ಆ ಎರಡು ಸಲಕ್ಕೆ ಐದು ಹೆಂಗಸರ ಅಂಗಾಲಲ್ಲಿ ಬೊಬ್ಬೆ ಎದ್ದಿತು. ಅವರಲ್ಲಿ ಒಬ್ಬಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ಬೇಶ ತಿಂಗಳು, ಬೇಸಿಗೆಯ ಕೊನೆ. ಮಳೆಗಾಲಕ್ಕೆ ಕಡಲು ಮುಚ್ಚುವ ಮುಂಚಿನ ಕೊನೆಯ ಮಂಜಿ, ಹಂಚು ಒಯ್ಯುವ ದೊಡ್ಡ ಹಾಯಿಹಡಗು, ಬಂದರಿನಲ್ಲಿ ಕಾದಿತ್ತು. ಬೆಂಕಿ ಆರಿಸಿ ಮೂರೇ ದಿನವಾಗಿತ್ತು, ಭಟ್ಟಿ ಆರಿ ತಣ್ಣಗಾಗಲು ಐದಾದರೂ ಬೇಕು. ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಬಾಗಿಲಿಗೆ ಕಟ್ಟಿದ್ದ ಇಟ್ಟಿಗೆ ಒಡೆಸಿದರು. ಹತ್ತು ಮಾರು ದೂರದಲ್ಲಿ ನಿಂತಿದ್ದ ನಮ್ಮ ಮುಖಕ್ಕೆ ಝಳ ಬಡಿಯಿತು.

“ಹೋಗಿ, ಹೋಗಿ. ನಾಯಿಯನ್ನು ನೋಡಿಯಾದ್ರೂ ಕಲೀರಿ. ಹಾಕಿದ್ದು ತಿಂತದೆ, ಹೇಳಿದ್ದು ಕೇಳ್ತದೆ” ಎಂದರು ಮೇಸ್ತ್ರಿ.

ಅಕ್ಕ ತಲೆಯ ಸಿಂಬಿ ತೆಗೆದು ಕೈಯಲ್ಲಿ ಹಿಡಿದರು. “ಆಯ್ತು. ನಾಯಿಯನ್ನೇ ನೋಡಿ ಕಲಿಯುವ.”

ನಾಯಿ ಭಟ್ಟಿಯ ಬಾಗಿಲಿಗೆ ಹೋಯಿತು. ಕಾಲು ಇಟ್ಟಿತು, ಎತ್ತಿತು. ತಿರುಗಿ ಬಂದು ಚಪ್ಪರದ ನೆರಳಿನಲ್ಲಿ ಮಲಗಿತು. ಅಕ್ಕ ಅದರ ಪಕ್ಕದಲ್ಲಿ ಹೋಗಿ ಕೂತರು.

“ಇದೆಂತ ಆಟ?” ಎಂದು ಮೇಸ್ತ್ರಿ ಗದರಿಸಿದರು.

“ನೀವೇ ಹೇಳಿದ್ದಲ್ವಾ ಮಾರಾಯ್ರೆ.”

ಗುಂಪಿನಿಂದ ಇನ್ನೊಬ್ಬಳು, “ಮೇಸ್ತ್ರಿಯವ್ರು ಒಮ್ಮೆ ಹೋಗಿ ಬರ್ಲಿ, ಮೀಸೆ ಉಳಿದ್ರೆ ನಾವೂ ಹೋಗುವ” ಎಂದಳು. ಅವಳೂ ಹೋಗಿ ಕೂತಳು. ಆಮೇಲೆ ಇಬ್ಬರು. ನಾನು ಅಭ್ಯಾಸಬಲದಿಂದ ಎಣಿಸುತ್ತಿದ್ದೆ. ಹದಿನೇಳು ಮಂದಿ ಕೂತರು. ನಿಂತವಳು ನಾನೊಬ್ಬಳೇ, ರಿಜಿಸ್ಟರ್ ಹಿಡಿದುಕೊಂಡು.

“ನೀನು ಬರಿ. ಭಟ್ಟಿ ಆರಿದೆ ಅಂತ ಬರಿ. ಇವರು ಕೆಲಸಕಳ್ಳಿಯರು ಅಂತ ಮತ್ತೆ ನಾನು ಧಣಿಗಳಿಗೆ ತೋರಿಸ್ತೇನೆ” ಎಂದರು ಮೇಸ್ತ್ರಿ.

ಆ ಒಂದು ಶಬ್ದ ಬರೆದಿದ್ದರೆ ಹದಿನೇಳು ಮಂದಿ ಸುಳ್ಳರಾಗುತ್ತಿದ್ದರು. ಅಕ್ಕ ನನ್ನ ಕಡೆ ನೋಡಲಿಲ್ಲ; ನಾಯಿಯ ಕಿವಿಯಲ್ಲಿ ಉಣ್ಣಿ ಹುಡುಕುತ್ತಿದ್ದರು. ನಾನು “ಆರಿಲ್ಲ” ಎಂದು ಬರೆದೆ. ನನ್ನ ಡೈರಿ ತೆರೆದು ಹತ್ತೊಂಬತ್ತು ಭಟ್ಟಿಯ ಲೆಕ್ಕವನ್ನು ಗಟ್ಟಿಯಾಗಿ ಓದಿದೆ. ಕಾಲು ಸುಟ್ಟ ಐದು ಹೆಂಗಸರ ಹೆಸರನ್ನೂ ಒಂದೊಂದಾಗಿ ಓದಿದೆ. ಓದಿ ಮುಗಿಸಿ ಹೋಗಿ ಕೂತೆ. ಹದಿನೆಂಟು.

ನಾಯಿ ಒಳಗೆ ಹೋದದ್ದು ಗುರುವಾರ ಬೆಳಿಗ್ಗೆ. ಅದರ ಹಿಂದೆಯೇ ನಾವು. ಸಂಜೆಗೆ ಮುಂಚೆ ಭಟ್ಟಿ ಖಾಲಿ; ಶುಕ್ರವಾರ ಮಂಜಿ ಹೊರಟಿತು. ಯಾರ ಕಾಲೂ ಸುಡಲಿಲ್ಲ, ಮಂಜಿಯೂ ತಪ್ಪಲಿಲ್ಲ. ಆದರೂ ಶನಿವಾರ ಮೇಸ್ತ್ರಿ ಅಕ್ಕನಿಗೆ, ನಾಳಿದ್ದಿನಿಂದ ಬರುವುದು ಬೇಡ ಎಂದರು.

ಅಕ್ಕ ಎದ್ದು ನಿಂತು ಸೆರಗನ್ನು ಪಟಪಟನೆ ಕೊಡವಿದರು, ಬಾವಿಕಟ್ಟೆಯ ನಾಯಿಯ ಹಾಗೆಯೇ. ಹೋಗುವ ಮುಂಚೆ ತಿರಸ್ಕರಿಸಿದ ಹಂಚಿನ ರಾಶಿಯಿಂದ ಒಂದನ್ನು ಎಳೆದರು. ಒಣಗಲು ಇಟ್ಟ ಹಸಿ ಹಂಚಿನ ಮೇಲೆ ನಾಯಿ ನಡೆದಿತ್ತು. ನೋಡಲು ಚೆಂದವಿಲ್ಲವೆಂದು ಮೇಸ್ತ್ರಿ ತೆಗೆದಿಟ್ಟಿದ್ದರು. ಅಕ್ಕ ಗೆಣ್ಣಿನಿಂದ ಬಡಿದರು. ಖಣ್ ಎಂದಿತು.

“ಇದಕ್ಕೆ ಎಂತ ಆಗಿದೆ? ನಿಮ್ಮ ಮಾಡಿಗೆ ಇಡು. ಸೋರಿದ್ರೆ ನನ್ನನ್ನು ಕೇಳು” ಎಂದು ನನ್ನ ಕೈಗೆ ಕೊಟ್ಟರು.

ಅವರು ಗೇಟು ದಾಟಿದರು. ನಾಯಿಯೂ ದಾಟಿತು, ತಿರುಗಿ ನೋಡಲಿಲ್ಲ. ಅದರ ನಂತರ ಆರು ತಿಂಗಳು ರಿಜಿಸ್ಟರ್ ಬರೆದೆ. ಐದು ದಿನಕ್ಕೆ ಮುಂಚೆ ಬಾಗಿಲು ಒಡೆದದ್ದು ಒಂದು ಸಲವೂ ಇಲ್ಲ. ಅಕ್ಕನನ್ನು ಹುಡುಕಿಕೊಂಡು ನದಿ ದಂಡೆಯ ಅವರ ಮನೆಗೆ ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ನೆರೆಮನೆಯವರು, ಅವರು ಜ್ವರದಲ್ಲಿ ತೀರಿಕೊಂಡು ತಿಂಗಳಾಯಿತು ಎಂದರು. ನಾಯಿ ಎಲ್ಲಿ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ... ಆ ದಿನದ ಡೈರಿ ಪುಟದಲ್ಲಿ ತಾರೀಕು ಮಾತ್ರ ಇದೆ.

“ಟೀಚರೇ, ಬಿಸಾಡ್ಲಾ?” ಮೇಲಿನವನು ಮತ್ತೆ ಕೇಳಿದ.

ನಾನು ಗೆಣ್ಣಿನಿಂದ ಬಡಿದೆ. ಖಣ್ ಎಂದಿತು. ಬಡಿದ ಬೆರಳು ನೋಯಿತು. ದಿನಕ್ಕೆ ಸಾವಿರ ಸಲ ಬಡಿದ ಆ ಕೈ ಹೇಗಿತ್ತೆಂದು ನಾನು ಒಮ್ಮೆಯೂ ಬರೆದಿಟ್ಟಿಲ್ಲ.

“ಬಾಗಿಲ ಮೇಲಿನ ಸಾಲಿಗೆ ಇಡು. ಹೆಜ್ಜೆ ಮೇಲೆ ಬರ್ಲಿ” ಎಂದೆ.

ನಿನ್ನೆ ಮೊದಲ ಮಳೆ ಬಂತು. ಮನೆಯೊಳಗೆ ಮೂರು ಕಡೆ ಸೋರಿತು, ಮೂರೂ ಒಡೆದವುಗಳ ಬದಲಿಗೆ ಹಾಕಿದ ಹೊಸ ಹಂಚಿನ ಕೆಳಗೆ. ಬಾಗಿಲ ಹತ್ತಿರ ನೆಲ ಒಣಗಿಯೇ ಇತ್ತು. ಕೇಳಲು ಅಕ್ಕ ಇಲ್ಲ. ಕೇಳುವಂಥದ್ದೂ ಏನೂ ಆಗಲಿಲ್ಲ.