ಬಿಸಿಲಿಗೊಂದು ಖಾಕಿ ಅಂಗಿ

ಏಪ್ರಿಲ್ ಬಿಸಿಲಲ್ಲಿ ಹಳೇಬೀಡಿನ ಆಚೆಯ ಶುಂಠಿ ಹೊಲಕ್ಕೆ ಬಂದು ನೋಡಿ. ಸೀರೆಯ ಮೇಲೆ ದಪ್ಪ ಖಾಕಿ ಅಂಗಿ, ತೋಳು ಮುಂಗೈವರೆಗೆ, ಗುಂಡಿ ಕುತ್ತಿಗೆವರೆಗೆ, ತಲೆಗೆ ಟವೆಲ್. ಅವಳೇ ಹುಚ್ಚಮ್ಮ, ನಮ್ಮ ಪಕ್ಕದ ಮನೆಯವಳು, ನನ್ನ ಜೊತೆ ಕೂಲಿಗೆ ಬರುವವಳು. ಕಾರಿನವರು ಕಿಟಕಿ ಇಳಿಸಿ ನಗುತ್ತಾರೆ. ನಗಲಿ, ನಮ್ಮಪ್ಪನ ಗಂಟೇನು ಹೋಯಿತು!

ಗಂಡನ ಹಳೆ ಅಂಗಿ ಹಾಕಿಕೊಂಡು ಹೊಲಕ್ಕೆ ಹೋಗುವುದು ನಮ್ಮ ಕಡೆ ಎಲ್ಲ ಹೆಂಗಸರೂ ಮಾಡುವುದೇ. ಬೆವರಿಗೆ ಒದ್ದೆಯಾದ ಬಟ್ಟೆಗೆ ಗಾಳಿ ತಗುಲಿದರೆ ಮೈ ತಣ್ಣಗಾಗುತ್ತದೆ. ಬರಿ ತೋಳಲ್ಲಿ ನಿಂತರೆ ಮಧ್ಯಾಹ್ನದೊಳಗೆ ಚರ್ಮ ಉರಿಯುತ್ತದೆ. ಆದರೆ ಹುಚ್ಚಮ್ಮನ ಗಂಡ, ಲಾರಿ ಓಡಿಸುತ್ತಿದ್ದ ನಂಜುಂಡಯ್ಯ, ತೀರಿಕೊಂಡು ಎಷ್ಟೋ ವರ್ಷವಾಯಿತು. ಸತ್ತವರ ಬಟ್ಟೆಯನ್ನು ತಿಥಿಯ ದಿನ ಕೊಟ್ಟುಬಿಡಬೇಕು. ಅವಳು ಎಲ್ಲ ಕೊಟ್ಟಳು, ಇದೊಂದನ್ನು ಬಿಡಲಿಲ್ಲ.

"ಮಗೀನ ಸಾಕಾಕೆ ನಾನು ಬಿಸ್ಲಿಗೆ ಹೋಗ್ಬೇಕು. ಅವ್ನಂತೂ ಬರಾಕಿಲ್ಲ, ಅವ್ನ ಅಂಗಿನಾದ್ರೂ ಬರ್ಲಿ," ಎಂದಳು. ಹಿರಿಯರು ಬೈದರು. ಅವಳು ಗುಂಡಿ ಹಾಕಿಕೊಂಡು ಹೊರಟಳು.

ಆ ಕೂಲಿಯಲ್ಲೇ ಮಗಳು ಶಿಲ್ಪಶ್ರೀ ಓದಿ ಬೇಲೂರಿನಲ್ಲಿ ನರ್ಸ್ ಆದಳು. ಈ ಯುಗಾದಿ ಕಳೆದ ಮೇಲೆ ಅರಸೀಕೆರೆಯ ತೆಂಗಿನ ತೋಟದವರ ಮನೆಯಿಂದ ಸಂಬಂಧ ಬಂತು. ಹುಡುಗ ಸುನಿಲ್. ಶಿಲ್ಪಶ್ರೀಗೆ ಅವನ ಮೇಲೆ ಮನಸ್ಸಾಗಿತ್ತು. ಹೂ ಮುಡಿಸಲು ಬಂದ ದಿನ ಹುಡುಗನ ತಾಯಿ ಅನುಸೂಯಮ್ಮನ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಅಂಗಿಯ ಮೇಲೆ ಬಿತ್ತು.

"ಸತ್ತೋರ ಅಂಗಿ ಇದೇನಾ? ಈ ಸೆಖೇಲಿ ಇದನ್ನ ಹಾಕ್ಕೊಂಡು ಓಡಾಡ್ತೀರಂತೆ. ನಮ್ ಕಡೆ ಜನ ನಗ್ತಾರೆ ಕಣ್ರೀ. ಮೊದ್ಲು ಸುಟ್ಬಿಡಿ, ಆಮೇಲೆ ಹೂ ಮುಡಿಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಶುಂಠಿ ಮಡಿಗೂ ಬಿಸ್ಲು ತಾಗ್ದಂಗೆ ಹುಲ್ಲು ಹೊದಿಸ್ತೀವಿ. ಸೆಖೆ ಆಯ್ತದೆ ಅಂತ ತೆಗೆದು ಸುಡ್ತೀವಾ?" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರಿಗೂ ಬಗ್ಗದ ಹುಚ್ಚಮ್ಮ ಅವತ್ತು ಮಗಳ ಮುಖ ನೋಡಿದಳು, ಎದ್ದಳು, ಮೊಳೆಯಿಂದ ಅಂಗಿ ತೆಗೆದಳು. ಒಲೆಯ ಕಡೆ ಹೊರಟಳು. ಅಯ್ಯೋ, ಅದನ್ನು ನನ್ನಿಂದ ನೋಡಲಾಗಲಿಲ್ಲ.

ಶಿಲ್ಪಶ್ರೀ ಬಂದು ಅಮ್ಮನ ಕೈಯಿಂದ ಅಂಗಿಯನ್ನು ಕಿತ್ತುಕೊಂಡಳು. ರೇಷ್ಮೆ ಸೀರೆಯ ಮೇಲೆ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿದಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ನನ್ನ ಓದಿಸಿದ್ದು ಈ ಅಂಗಿ. ಹಿಂಗೇ ಒಪ್ಪೋದಾದ್ರೆ ಒಪ್ಕೊಳ್ಳಿ. ಇಲ್ಲಾಂದ್ರೆ ಕಾಫಿ ಕುಡ್ಕೊಂಡು ಹೊರಡಿ," ಎಂದು ಲೋಟ ಮುಂದೆ ಹಿಡಿದಳು.

ಅನುಸೂಯಮ್ಮ ಧಡಕ್ಕನೆ ಎದ್ದರು. ಸುನಿಲ್ ಏಳಲಿಲ್ಲ. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದ.

"ಕೂತ್ಕೊಳಮ್ಮ," ಎಂದ. "ನಾನಂತೂ ಬರಲ್ಲ."

ಮಗನನ್ನು ದುರುಗುಟ್ಟಿ ನೋಡಿ ಅನುಸೂಯಮ್ಮ ಗಂಟು ಮುಖದಲ್ಲೇ ಹೂ ಮುಡಿಸಿದರು. ಮಲ್ಲಿಗೆ ದಂಡೆ ಖಾಕಿ ಕಾಲರಿನ ಮೇಲೆ ಇಳಿಬಿತ್ತು. ಶಿಲ್ಪಶ್ರೀ ಅಂಗಿ ಬಿಚ್ಚಲಿಲ್ಲ.