ಮಾತ್ರೆ ಡಬ್ಬಿ ಮೇಲೆ ಕೆಮ್ಮಣ್ಣಿನ ಹಾವು

ಗೆಳೆಯರೇ, ನನ್ನ ಸೊಂಟಕ್ಕೆ ಸರ್ಪಸುತ್ತು ಎದ್ದಿದೆ. ಸುದ್ದಿ ತಿಳಿದ ಅಪ್ಪ ಇವತ್ತು ನಮ್ಮೂರು ಕಡಬದಿಂದ ಮೊದಲ ಬಸ್ಸಿಗೇ ಸದಾಶಿವನಗರದ ನನ್ನ ಮನೆಗೆ ಬಂದ್ರು, ಕೈಯಲ್ಲಿ ಕೆಮ್ಮಣ್ಣಿನ ಪೊಟ್ಟಣ. ಊರಲ್ಲಿ ಯಾರಿಗೆ ಸರ್ಪಸುತ್ತಾದ್ರೂ ಗುಳ್ಳೆಗಳ ಸುತ್ತ ಹಾವು ಬರೆದು ಮಂತ್ರ ಹಾಕೋದು ಅವರೇ.

"ಅಪ್ಪಾ, ಗುಳ್ಳೆ ಮೇಲೆ ಮಣ್ಣು ಹಚ್ಚಿದ್ರೆ ಕೀವಾಗುತ್ತೆ. ಡಾಕ್ಟ್ರು ಮಾತ್ರೆ ಕೊಟ್ಟಿದಾರೆ, ಸಾಕು!" ಅಂತ ರೇಗಿಬಿಟ್ಟೆ.

ಅಪ್ಪ ಪೊಟ್ಟಣ ಬಿಚ್ಚಿದ್ರು. ಮಣ್ಣು ಕಲಸಿದ್ರು. ನನ್ನ ಮಾತ್ರೆ ಡಬ್ಬಿಯ ಸುತ್ತ ನಿಧಾನಕ್ಕೆ ಹಾವು ಬರೆದು, ಮಂತ್ರ ಹೇಳಿ, ಒಂದು ಮಾತ್ರೆ ನನ್ನ ಅಂಗೈಗಿಟ್ರು.

"ನುಂಗು ಮಗಾ."

ಅಷ್ಟರಲ್ಲಿ ಅವರಿಗೆ ಊರಿಂದ ಫೋನು, ಇನ್ಯಾರಿಗೋ ಸರ್ಪಸುತ್ತಂತೆ. ಅಪ್ಪ ಗತ್ತಿನಿಂದ ಅಂದ್ರು:

"ಮೈಮೇಲೆ ಬರೆಯೋದು ಬುಟ್ಬುಟ್ಟಿದೀನಿ ಕಣ್ಲಾ. ಮೊದ್ಲು ಡಾಕ್ಟ್ರತ್ರ ಹೋಗಿ ಮಾತ್ರೆ ತಗೊಂಡ್ಬಾ, ಡಬ್ಬಿಗೆ ಬರ್ಕೊಡ್ತೀನಿ."